ನೀಲಿ ದಾರದ ಕೀ

ಬೀಗದಣ್ಣನ ಅಂಗಡಿ ಮೆಟ್ಟಿಲ ಕೆಳಗಿತ್ತು. ಒಂದು ಕಪಾಟಿನಷ್ಟು ಅಗಲ. ಅವನು ಎದ್ದು ನಿಂತರೆ ಗಿರಾಕಿ ಬೀದಿಗೆ ಸರಿಯಬೇಕು. ಇಪ್ಪತ್ತೆರಡು ವರ್ಷ ಅಲ್ಲೇ ಕೂತು ಅರದಿಂದ ಕೀ ಉಜ್ಜಿದ. ಒಂಟಿಯಾಗಿರುವವರು ಒಂದು ಕೀ ಮಾಡಿಸಲು ಬಂದರೆ ಎರಡು ಮಾಡಿಕೊಡುವುದು ಅವನ ಪದ್ಧತಿ. ಎರಡನೆಯದಕ್ಕೆ ನೀಲಿ ದಾರ ಕಟ್ಟುತ್ತಿದ್ದ.

“ಇದನ್ನ ಯಾರಿಗಾದ್ರೂ ಕೊಟ್ಟಿಡಿ. ಒಳಗೆ ಜಾರಿ ಬಿದ್ರೆ ಬಾಗಿಲು ತೆಗೆಯೋಕೆ ಒಬ್ರು ಬೇಕಲ್ಲ?”

ದೀಪದ ಬುಡದಲ್ಲೇ ಕತ್ತಲೆ. ಅವನ ಸ್ವಂತ ಕೋಣೆಯ ನೀಲಿ ದಾರದ ಕೀ ಅಂಗಡಿಯ ಮೊಳೆಯಲ್ಲಿ ಹನ್ನೊಂದು ವರ್ಷ ನೇತಾಡಿತು. ತನ್ನ ಮನಸ್ಸು ಗಂಡಸರ ಕಡೆಗೇ ಎಂದು ಹದಿನಾರಕ್ಕೇ ಗೊತ್ತಿತ್ತು. ಪಾರ್ಕಿನ ಬೆಂಚುಗಳಲ್ಲಿ, ಆಮೇಲೆ ಫೋನಿನಲ್ಲಿ ಹುಡುಕಿದ. ಸಿಕ್ಕವರು ಒಂದು ಸಂಜೆಯ ಮಟ್ಟಿಗೆ ಸಿಕ್ಕರು. ಹೆಸರನ್ನೂ ಸುಳ್ಳೇ ಹೇಳಿದರು. ಇವನು ಮಾತ್ರ ಅಂಗಡಿಯ ವಿಳಾಸದ ಸಮೇತ ಎಲ್ಲ ಹೇಳಿಬಿಡುತ್ತಿದ್ದ. “ಹೆಸರು ಮುಚ್ಚಿಡೋಕೆ ನಾನೇನು ಬೀಗ ಒಡೆಯೋನಾ?” ಎಂದು ನಗುತ್ತಿದ್ದ. ನಕ್ಕು ಮುಗಿದ ಮೇಲೆ ಒಬ್ಬನೇ ಊಟ.

ಒಂದು ಮಧ್ಯಾಹ್ನ ಅಕ್ಕ ಅಂಗಡಿಯ ಸ್ಟೂಲಿನ ಮೇಲೆ ಕೂತು, ಚೀಲದಿಂದ ಇನ್ನೊಂದು ಹೆಣ್ಣಿನ ಫೋಟೋ ತೆಗೆಯುತ್ತಿದ್ದಳು. ಆಗ ಒಬ್ಬ ಬಸ್ ಡ್ರೈವರ್ ಬಂದ. ತಿಂಗಳಲ್ಲಿ ಮೂರನೇ ಸಲ.

“ಒಂದು ಕೀ ಕಳೆದುಹೋಯ್ತು. ಇದರ ಹಾಗೇ ಇನ್ನೊಂದು...”

“ಜೇಬಲ್ಲಿ ಗಲಗಲ ಅಂತಿದೆಯಲ್ಲ ಸಾರ್, ಅದೇನು?”

ಡ್ರೈವರ್ ಕಿವಿ ಕೆಂಪಾಯಿತು. ಜೇಬಿನಿಂದ ಹೊರಬಂದದ್ದು ಒಂದು ಗೊಂಚಲು, ನೀಲಿ ದಾರಗಳ ಸಮೇತ. “ಕೊಡೋಕೆ ಯಾರೂ ಇಲ್ಲ. ಇಲ್ಲಿಗೆ ಬರೋಕೆ ಬೇರೆ ನೆಪ ಹೊಳೀಲಿಲ್ಲ.”

“ಯಾರೋ ಇವರು?” ಎಂದಳು ಅಕ್ಕ.

ಗಿರಾಕಿ ಎಂದಿದ್ದರೆ ಸಾಕಿತ್ತು. ಅಕ್ಕ ಉಳಿಯುತ್ತಿದ್ದಳು, ಡ್ರೈವರ್ ಇನ್ನೊಮ್ಮೆ ಬರುತ್ತಿರಲಿಲ್ಲ.

“ಫೋಟೋ ಒಳಗಿಡಕ್ಕ. ನನಗೆ ಹೆಣ್ಣು ಬೇಡ, ಯಾವತ್ತೂ ಬೇಕಿರಲಿಲ್ಲ. ಇವರು ಬರ್ತಾರಾ ಅಂತ ದಿನಾ ಬೀದಿ ನೋಡ್ತಿದ್ದೆ.” ಮೊಳೆಯಿಂದ ಕೀ ತೆಗೆದು, ಅವಳ ಕಣ್ಣೆದುರೇ ಡ್ರೈವರ್ ಅಂಗೈಯಲ್ಲಿಟ್ಟ.

“ಮರ್ಯಾದೆ ಕಳ್ಕೊಂಡ್ಯಲ್ಲೋ!”

“ಇಲ್ಲಕ್ಕ. ಈಗ ಸಿಕ್ತು.”

ಎರಡು ವರ್ಷ ಅಕ್ಕ ಇತ್ತ ತಲೆಹಾಕಲಿಲ್ಲ. ಮೂರನೇ ವರ್ಷ ಬಂದು ಅದೇ ಸ್ಟೂಲಿನ ಮೇಲೆ ಕೂತು ಗೊಣಗಿದಳು: “ಬಡಕಲಾಗಿದ್ದೀಯ. ಆ ಡ್ರೈವರಿಗೆ ಅಡುಗೆ ಬರಲ್ವಾ?”

ಅವರಿಬ್ಬರೂ ಒಂಬತ್ತು ವರ್ಷ ಒಂದೇ ಸೂರಿನಡಿ ಬಾಳಿದರು. ಕಳೆದ ತಿಂಗಳು ಬೀಗದಣ್ಣ ಎದೆನೋವಿನಿಂದ ಮನೆಯೊಳಗೆ ಕುಸಿದ. ಡ್ಯೂಟಿ ಮುಗಿಸಿ ಬಂದ ಡ್ರೈವರ್ ಬಾಗಿಲು ತೆಗೆದಾಗ ಇನ್ನೂ ಉಸಿರಿತ್ತು. ಉಳಿಸಿಕೊಳ್ಳಲಾಗಲಿಲ್ಲ, ಆದರೆ ಆ ಉಸಿರು ನಿಂತದ್ದು ಡ್ರೈವರ್ ತೊಡೆಯ ಮೇಲೆ.

ವಾರದ ಬಳಿಕ ಮನೆ ಮಾಲೀಕ ಕೀ ಕೇಳಲು ಬಂದ. “ನೀವು ಅವರಿಗೆ ಏನಾಗ್ಬೇಕು?”

ಡ್ರೈವರ್ ಕೀಯ ನೀಲಿ ದಾರವನ್ನು ಬೆರಳಿಗೆ ಸುತ್ತಿಕೊಂಡ. ಒಳಗಿನಿಂದ ಅಕ್ಕ ಸೆರಗು ಸಿಕ್ಕಿಸಿಕೊಂಡೇ ಹೊರಬಂದಳು.

“ಏನಾಗ್ಬೇಕು ಅಂದ್ರೆ? ನನ್ನ ತಮ್ಮ ನನ್ನೆದುರಿಗೇ ಕೊಟ್ಟ ಕೀ ಅದು. ಅವರ ಹತ್ರಾನೇ ಇರುತ್ತೆ.”