ಬೀಟ್‌ರೂಟಿನ ಕೆಂಪು

ರೋಣದ ಬಸ್ ಸ್ಟ್ಯಾಂಡಿನಲ್ಲಿ ಗಜೇಂದ್ರಗಡದ ಬಸ್ಸಿಗೆ ಕಾಯುತ್ತಿದ್ದೆವು. ಐದು ತಿಂಗಳ ಬಸುರಿ ತಂಗಿ ಶೌಚಾಲಯದಿಂದ ಗೋಡೆ ಹಿಡಿದುಕೊಂಡು ಬಂದಳು.

"ಅಕ್ಕಾ, ಒಂದಕ್ಕ ಕೆಂಪಗ ಹೋತು."

ಹೋದ ಸಲವೂ ಹೀಗೇ ಶುರುವಾಗಿ ಕೂಸು ಉಳಿದಿರಲಿಲ್ಲ. ಅವಳ ತೋಳು ಹಿಡಿದು ಕಟ್ಟೆಯ ಮೇಲೆ ಕೂರಿಸಿದೆ.

ಪಕ್ಕದಲ್ಲಿ ಕಾಯಿಪಲ್ಯೆ ಮಾರುತ್ತಿದ್ದ ಸವಡಿ ಊರಿನ ಮುದುಕಿ ಅದನ್ನು ಕೇಳಿಸಿಕೊಂಡು ನಮ್ಮ ಮುಖ ನೋಡಿದಳು. "ನಿನ್ನಿ ಏನ ತಿಂದೀಯವಾ?"

"ಬೀಟ್‌ರೂಟ್," ಅಂದಳು ತಂಗಿ. "ರಕ್ತ ಕಡಿಮಿ ಅಂದಾರ ಡಾಕ್ಟರು. ಅದಕ್ಕ ಅಕ್ಕ ಎರಡೂ ಹೊತ್ತು ಅದನ್ನ ತಿನಿಸ್ಯಾಳ."

"ಹಂಗಾರ ಅದರ ಬಣ್ಣನ ಇರಬೇಕು. ನನ್ನ ಸೊಸಿಗೂ ಹಿಂಗ ಆಗಿತ್ತು. ಖರೇ, ನಾ ಏನ್ ಡಾಕ್ಟರಲ್ಲ. ಲಗೂ ದವಾಖಾನಿಗೆ ಹೋಗ್ರಿ."

ಹಾಗೆಂದವಳೇ ತನ್ನ ಬೀಟ್‌ರೂಟಿನ ರಾಶಿಯ ಮೇಲೆ ಗೋಣಿಚೀಲ ಎಳೆದಳು. ಆಮೇಲೆ ಎಳೆಯ ಸೌತೆಕಾಯಿಯೊಂದನ್ನು ತಂಗಿಯ ಉಡಿಗೆ ಹಾಕಿ, "ಉಡಿಯೊಳಗ ಹಸರು ಇರ್ಲಿ, ಕೂಸು ನಿಲ್ಲತೈತಿ," ಅಂದಳು.

ಬಸ್ಸು ಬಿಟ್ಟು ಆಟೋ ಹತ್ತಿದೆವು.

"ಬಣ್ಣನ ಹೌದಲ್ಲಕ್ಕಾ?"

"ಹೂಂ," ಅಂದೆ.

ದವಾಖಾನೆಯ ತನಕ ತಂಗಿ ಆ ಸೌತೆಕಾಯಿಯನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ನಾನು ಅವಳು ಕುಳಿತ ಸೀಟಿನ ಕಡೆ ನೋಡಲು ಹೆದರಿ, ರಸ್ತೆಯನ್ನೇ ನೋಡುತ್ತಿದ್ದೆ.