ವಿರೂಪಾಕ್ಷನ ಕೈ ಮತ್ತು ಐದು ಮರಿಗಳು

ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆಗೆ ಕೈ ಹಾಕಿ ಮಾಲು ಹೇಗಿದೆ ಎಂದು ಹೇಳುವುದೇ ವಿರೂಪಾಕ್ಷನ ಕೆಲಸ. ಗದಗದ ಕಡೆಯಿಂದ ಈರುಳ್ಳಿ ಲಾರಿಯಲ್ಲಿ ಕೂತು ಬಂದವನು ಇಪ್ಪತ್ತೆರಡು ವರ್ಷವಾದರೂ ಆ ವಾಸನೆಯಿಂದ ಕೆಳಗಿಳಿದಿಲ್ಲ. ಮೂಟೆಯ ಮೇಲ್ಗಡೆ ಮಿಂಚುವ ದಪ್ಪ ಗಡ್ಡೆಗಳ ಕಡೆ ಅವನು ತಿರುಗಿಯೂ ನೋಡುವುದಿಲ್ಲ. ಅವು ಗಿರಾಕಿಯ ಕಣ್ಣಿಗೆ ಮಣ್ಣೆರಚಲು ಇಟ್ಟವು. ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಗಡ್ಡೆ ಎಳೆದು, "ಇದು ನೋಡ್ರಿ ಖರೇ ಮಾಲು" ಎನ್ನುತ್ತಾನೆ. ತನ್ನ ಕೈ ಒಂದು ಸಲವೂ ಸುಳ್ಳು ಹೇಳಿಲ್ಲವೆಂಬುದು ಅವನ ಜಂಬವಾಗಿತ್ತು. ಹೇಳಿದೆ, ಅದೂ ಎರಡು ಸಲ, ಎಂದು ಈಗ ಚಹಾದಂಗಡಿಯಲ್ಲಿ ನಿಂತು ತಾನೇ ಸಾರುತ್ತಾನೆ. ಕೇಳುವವರು ಸಿಕ್ಕರೆ ಸಾಕು.

ಹೋದ ವರ್ಷ ಮಗಳು ಅಕ್ಷಯಾಳಿಗೆಂದು ರಸ್ತೆ ಬದಿಯಲ್ಲಿ ಮರಿ ಮಾರುವ ಬುಟ್ಟಿಯವನಿಂದ ಒಂದು ನಾಯಿಮರಿ ತಂದಿದ್ದ. ತಾಯಿ ಎಲ್ಲಿ ಎಂದು ಕೇಳಲಿಲ್ಲ, ಚುಚ್ಚುಮದ್ದಿನ ಕಾರ್ಡು ನೋಡಲಿಲ್ಲ. ಇಪ್ಪತ್ತೇ ದಿನಕ್ಕೆ ಅದು ಸತ್ತುಹೋಯಿತು. ಏಳನೇ ಕ್ಲಾಸಿನ ಅಕ್ಷಯಾ ಅದರ ಪುಟ್ಟ ತಟ್ಟೆಯನ್ನು ಇನ್ನೂ ಪುಸ್ತಕಗಳ ಹಿಂದೆ ಬಚ್ಚಿಟ್ಟುಕೊಂಡಿದ್ದಾಳೆ. ರೋಗದ ಮರಿ ಸಾಗಹಾಕಿದನೆಂದು ವಿರೂಪಾಕ್ಷ ವರ್ಷವಿಡೀ ಬುಟ್ಟಿಯವನ ಏಳು ತಲೆಮಾರನ್ನೂ ಬೈದ. ಇನ್ನೊಂದು ಮರಿ ತಂದು ಈ ಸಲವೂ ಹಾಗಾದರೆ ಮಗಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಅದಕ್ಕೇ ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು, ಬಾಗಲಗುಂಟೆಯ ಮನೆಯಿಂದ ಚಿಕ್ಕಜಾಲದವರೆಗೆ ಹೋದ.

ಅಲ್ಲಿ ಮುನಿಗಂಗಮ್ಮ ಎಂಬಾಕೆ ಮನೆಯ ಹಿತ್ತಿಲಲ್ಲೇ ಬಿಳಿಯ ಸ್ಪಿಟ್ಜ್ ನಾಯಿಗಳನ್ನು ಸಾಕಿ ಮರಿ ಮಾಡಿಸಿ ಕೊಡುತ್ತಾಳೆ. ಮರಿ ತೋರಿಸುವ ಮೊದಲು ಆಕೆ ಇವನನ್ನೇ ವಿಚಾರಿಸಿಕೊಂಡಳು.

"ಎಷ್ಟನೇ ಮಾಡಿ ಅಣ್ಣ? ಅಗಲೊತ್ತು ಮನೆಯಾಗೆ ಯಾರಿರ್ತಾರೆ? ತಿರುಗಾಡ್ಸೋರು ಯಾರು?"

ಎರಡನೇ ಮಹಡಿ, ಎರಡು ಕೋಣೆ, ಮಧ್ಯಾಹ್ನ ಮೂರರವರೆಗೆ ಯಾರೂ ಇರುವುದಿಲ್ಲ. ಹೆಣ್ಣು ನೋಡಲು ಹೋದಾಗ ಮಾವ ಕೂಡ ತನ್ನನ್ನು ಇಷ್ಟು ಕೇಳಿರಲಿಲ್ಲ ಅನ್ನಿಸಿತು ವಿರೂಪಾಕ್ಷನಿಗೆ.

ಹಿತ್ತಿಲಲ್ಲಿ ತಾಯಿನಾಯಿ, ಐದು ಮರಿ. ಮೂರು ಓಡಿಬಂದು ಅವನ ಚಪ್ಪಲಿಗೆ ಮುಗಿಬಿದ್ದವು. ನಾಲ್ಕನೆಯದು ಸ್ವಲ್ಪ ದೂರ ಕೂತು ಎಲ್ಲವನ್ನೂ ನೋಡುತ್ತಿತ್ತು. ಐದನೆಯದು ತಾಯಿಯ ಬೆನ್ನ ಹಿಂದೆ ಮುದುಡಿ ಮಲಗಿತ್ತು. ವಿರೂಪಾಕ್ಷ ಒಳಗೊಳಗೇ ನಕ್ಕ. ಓಡಿಬಂದವು ಮೂಟೆಯ ಮೇಲಿನ ಮಾಲು, ಯಾರನ್ನು ಯಾಮಾರಿಸುತ್ತಾರೆ? ಬಗ್ಗಿ, ತಾಯಿಯ ಹಿಂದಕ್ಕೆ ಕೈ ಹಾಕಿ, ಮಲಗಿದ್ದನ್ನೇ ಎತ್ತಿದ.

"ಇದು ನೋಡ್ರಿ ಖರೇ ಮಾಲು!"

ಮುನಿಗಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಯ್ಯೋ ಅಣ್ಣ, ಅದಕ್ಕೆ ಎಲ್ಡು ದಿನದಿಂದ ಬೇದಿ. ಒಟ್ಟೆನಾಗೆ ಜಂತುಹುಳ. ಐದರಾಗೆ ಅದೊಂದನ್ನೇ ಉಡುಕಿ ತೆಗುದ್ರಲ್ಲ!"

ಆ ಮರಿ ಇಸ್ತ್ರಿ ಅಂಗಿಯ ಮೇಲೆ ಬೆಚ್ಚಗೆ ಸಾಕ್ಷಿಯನ್ನೂ ನುಡಿಯಿತು. ಅಕ್ಷಯಾ ಮುಖ ಆಚೆ ತಿರುಗಿಸಿದಳು. ನಗುತ್ತಿದ್ದಳೋ, ನಾಚಿಕೆಯೋ, ಅವನಿಗೆ ತಿಳಿಯಲಿಲ್ಲ.

"ಕಣ್ಣು, ಮೂಗು ಶುದ್ಧವಾಗಿರ್ಬೇಕು. ಕಿವಿ ನಾರಬಾರ್ದು. ನೆಟ್ಟಗೆ ಓಡ್ಬೇಕು," ಎಂದಳು ಮುನಿಗಂಗಮ್ಮ. "ಅಂಗಂತ ಆ ಮೂರೂ ನಿಮ್ಗಾಗಾಕಿಲ್ಲ. ಒಂಟಿಯಾಗಿ ಬುಟ್ರೆ ಬಾಗ್ಲನ್ನೇ ಕಡ್ದಾಕ್ತವೆ. ಸುಮ್ಕೆ ನೆಲದ ಮ್ಯಾಲೆ ಕೂತ್ಕಳಿ. ನಿಮ್ಗಾಗೋದು ತಾನೇ ಬತ್ತದೆ."

ಕೂತರು. ದೂರವಿದ್ದ ನಾಲ್ಕನೆಯದು ಯೋಚಿಸಿ ಯೋಚಿಸಿ ಬಂದು, ಅಕ್ಷಯಾಳ ಪಾದ ಮೂಸಿ, ಮಡಿಲು ಹತ್ತಿತು. ಆಮೇಲೆ ಕತ್ತು ಚಾಚಿ ವಿರೂಪಾಕ್ಷನ ಬೆರಳು ಮೂಸಿ, ಪಟಪಟನೆ ಎರಡು ಸಲ ಸೀನಿತು.

"ಉಳ್ಳಾಗಡ್ಡಿ ವಾಸನಿ ಅದಕ್ಕ," ಎಂದು ವಿರೂಪಾಕ್ಷ ಮತ್ತೆ ಎದೆಯುಬ್ಬಿಸಿದ. "ನಂದು ಅದ ಕೆಲಸ ರೀ. ಮೊದಲಿನ ಮರಿಗೂ ದಿನಾ ಉಳ್ಳಾಗಡ್ಡಿ ಪಲ್ಯಾ ಕಲಸಿ ಅನ್ನಾ ಹಾಕ್ತಿದ್ದೆ. ಒಂದನೇ ನಂಬರ್ ಮಾಲು, ಮಂದಿಗೂ ಸಿಗೂದಿಲ್ಲ."

ಮುನಿಗಂಗಮ್ಮನ ನಗು ನಿಂತಿತು. "ಈರುಳ್ಳೀನಾ? ದಿನಾನೂವಾ? ಉಚ್ಚೆ ಕೆಂಪುಗಾಗಿತ್ತಾ ಅದಕ್ಕೆ?"

"ಆಗಿತ್ರಿ."

"ವಸಡು ಬೆಳ್ಳಗೆ ಬಿಳುಚ್ಕಂಡಿತ್ತಾ?"

ಅವನು ಮಗಳ ಕಡೆ ನೋಡಿದ. ಅಕ್ಷಯಾ ಹೌದೆಂದು ತಲೆಯಾಡಿಸಿದಳು.

"ನಾಯಿಗೆ ಈರುಳ್ಳಿ ವಿಷ ಕಣಣ್ಣ. ಬೇಯ್ಸಿದ್ರೂ ಅಷ್ಟೇಯ. ರಕ್ತಾನೇ ಕೆಡಿಸ್ಬುಡ್ತದೆ."

ಒಂದು ವರ್ಷ ಬುಟ್ಟಿಯವನಿಗೆ ಹಾಕಿದ ಶಾಪಗಳೆಲ್ಲ ಒಂದೊಂದಾಗಿ ವಿರೂಪಾಕ್ಷನ ಮನೆಗೇ ವಾಪಸು ಬಂದವು. ಒಂದೇ ಒಂದು ಕೊಳೆತ ಗಡ್ಡೆಯನ್ನೂ ಅವನು ಆ ಮರಿಗೆ ಹಾಕಿರಲಿಲ್ಲ. ತಳದಿಂದ ಹೆಕ್ಕಿ ಹೆಕ್ಕಿ ಒಳ್ಳೆಯದನ್ನೇ ತಂದಿದ್ದ. ಅದು ಬಾಲ ಅಲ್ಲಾಡಿಸುತ್ತ ತಿಂದಿತ್ತು. ಅವನು ಎದ್ದು ನಿಂತ.

"ನನಗ ಮರಿ ಕೊಡಬ್ಯಾಡ್ರಿ, ಅಕ್ಕಾರ. ರೋಗದ ಮರಿ ಕೊಟ್ಟಾನಂತ ವರ್ಷಾನಗಟ್ಟಲೆ ಬುಟ್ಟಿಯಾಂವನ್ನ ಬೈದೆ, ಕೊಂದಾಂವ ನಾನ."

ಅಕ್ಷಯಾ ಮರಿಯನ್ನು ಇನ್ನಷ್ಟು ಅಪ್ಪಿಕೊಂಡಳು.

"ತಪ್ಪನ್ನೆಲ್ಲ ಬುಟ್ಟಿಯೋನ ಮ್ಯಾಲೇ ಆಕಿದ್ರೆ ಕೊಡ್ತಿರ್ಲಿಲ್ಲ," ಎಂದಳು ಮುನಿಗಂಗಮ್ಮ. "ಈಗ ಕೊಡ್ತೀನಿ. ಎಂಟು ವಾರ ತುಂಬ್ಲಿ, ಮುಂದಿನ ಭಾನುವಾರ ಬನ್ನಿ. ಅಷ್ಟ್ರಾಗೆ ಮನೆಯಾಗಿರೋ ಈರುಳ್ಳಿನೆಲ್ಲ ಮ್ಯಾಲಕ್ಕೆ ಎತ್ತಿಕ್ಕಿ. ಈಗ ಓಗಿ ಕೈ ತೊಳ್ಕಳಿ."

ನಲ್ಲಿಯ ಕೆಳಗೆ ಅವನು ಮೂರು ಸಲ ಸೋಪು ಹಚ್ಚಿ ತೊಳೆದ. ಮೂಸಿ ನೋಡಿದ. ಇಪ್ಪತ್ತೆರಡು ವರ್ಷದ ವಾಸನೆ, ಎಲ್ಲಿಗೆ ಹೋದೀತು? ಬಂದು, ಹೆಡ್‌ಮಾಸ್ತರ ಕೋಣೆಯ ಹೊರಗೆ ನಿಂತ ಹುಡುಗನ ಹಾಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ.

"ಅಪ್ಪಾ, ಕೈ ಕೊಡು," ಎಂದಳು ಅಕ್ಷಯಾ.

ಅವನು ಕೊಡಲಿಲ್ಲ. ಅವಳೇ ಹಿಂದಿನಿಂದ ಒಂದು ಕೈ ಎಳೆದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಕೈಯನ್ನು ಮರಿಯ ಬೆನ್ನ ಮೇಲಿಟ್ಟಳು. ಮರಿ ಇನ್ನೊಂದು ಸಲ ಸೀನಿ ನಿದ್ದೆ ಹೋಯಿತು.