ಎಷ್ಟು ಹೊತ್ತು ಮೇಡಂ

ರಾಜ್ಯಶಾಸ್ತ್ರ ವಿಭಾಗದಲ್ಲಿ ಆ ಅಧ್ಯಾಪಕಿಯನ್ನು ಎಲ್ಲರೂ ಎದುರಿಗೆ ‘ಮೇಡಂ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಎಷ್ಟು ಹೊತ್ತು ಮೇಡಂ’. ಅಡ್ಡಹೆಸರು ಕಿವಿಗೇ ಬಿದ್ದಿಲ್ಲವೆಂಬಂತೆ ಮೇಡಂ ಓಡಾಡಿಕೊಂಡಿದ್ದರು. ಆದರೆ ಕಾರಿಡಾರಿನಲ್ಲಿ ಯಾರಾದರೂ ಕೈಗಡಿಯಾರ ನೋಡಿಕೊಂಡು ಕಿಸಕ್ಕನೆ ನಕ್ಕರೆ ಅವರ ಮೋರೆ ಕೆಂಪಾಗುತ್ತಿತ್ತು. ಸಿಟ್ಟು ಬರಲು ಅವರಿಗೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಅದು ಮೂಗಿನ ತುದಿಯಲ್ಲೇ, ಕನ್ನಡಕದ ಪಕ್ಕದಲ್ಲಿ ಕಾಯಂ ಬಿಡಾರ ಹೂಡಿತ್ತು.

ಅವರ ಮಾರ್ಗದರ್ಶಕರಾಗಿದ್ದ ಹಿರಿಯ ಪ್ರೊಫೆಸರ್ ಪಕ್ಕದ ಕೋಣೆಯವರು. ಗೋಡೆಯಗಲದ ಭೂಪಟದ ಮುಂದೆ ಕೋಲು ಹಿಡಿದು ನಿಂತು, ಯಾವ ಜಲಸಂಧಿ ಯಾರ ಕೈಲಿದ್ದರೆ ಯಾರ ಕತ್ತು ಹಿಸುಕಬಹುದೆಂದು ವಿವರಿಸುವುದರಲ್ಲಿ ಅವರ ಅರ್ಧ ಆಯುಷ್ಯ ಕಳೆದಿತ್ತು. ಅದು ಭೂರಾಜಕೀಯ. ತಾವು ಮಾಡಹೊರಟದ್ದೂ ಅದೇ ಎಂದು ಅವರನ್ನು ಒಪ್ಪಿಸುವಷ್ಟರಲ್ಲಿ ಮೇಡಂಗೆ ಸಾಕುಸಾಕಾಗಿತ್ತು.

“ಈಗ ಒಂದು ದೇಶ ಇನ್ನೊಂದರ ಮೇಲೆ ಕೈ ಮಾಡೋಕೆ ಕಣಿವೆ ದಾಟಿ ಬರಬೇಕಾಗಿಲ್ಲ ಸರ್. ನೀರಿನ ಕಚೇರಿಯ ಗುಮಾಸ್ತರಿಗೆ ಒಂದು ಇ-ಮೇಲ್ ಕಳಿಸಿದ್ರೆ ಸಾಕು. ಅವರು ಅದರಲ್ಲಿರೋ ಲಿಂಕನ್ನ ಒತ್ತಿದ್ರೆ ಊರಿನ ನಲ್ಲಿ ಆ ದೇಶದಿಂದಾನೇ ಬಂದ್ ಆಗುತ್ತೆ.”

“ಅಂದ್ರೆ ಗುಮಾಸ್ತರ ಮೇಲೆ ಪಿಎಚ್‌ಡಿ ಮಾಡ್ತೀನಿ ಅನ್ನಿ.”

“ಹೌದು ಸರ್. ಈಗ ಗಡಿ ಕಾಯೋರು ಅವ್ರೇ.”

ಪ್ರೊಫೆಸರು ಕೋಲು ಕೆಳಗಿಟ್ಟು ಸಹಿ ಹಾಕಿದ್ದು ವಾದಕ್ಕೆ ಸೋತು ಅಲ್ಲ, ಊಟದ ಹೊತ್ತಾಗಿತ್ತು.

ಅಲ್ಲಿಂದ ಮುಂದೆ ಏಳು ವರ್ಷ ಮೇಡಂ ಸರ್ಕಾರಿ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದರು. ವಿದ್ಯುತ್, ನೀರು, ಬಂದರು, ರೈಲು, ಆಸ್ಪತ್ರೆ, ಹೀಗೆ ಗಡಿಯಾಚೆಯಿಂದ ಸೈಬರ್ ದಾಳಿ ನಡೆದ ಕಡೆಯೆಲ್ಲ ಹೋಗಿ, ಆ ಹಾಳು ಇ-ಮೇಲನ್ನು ಒತ್ತಿದ ಮನುಷ್ಯ ಯಾರೆಂದು ಹುಡುಕಿ ತೆಗೆದು, ಎದುರಿಗೆ ಕೂತು ಕೇಳುತ್ತಿದ್ದುದು ಒಂದೇ ಪ್ರಶ್ನೆ. “ಒತ್ತಿದ ಮೇಲೆ ಎಷ್ಟು ಹೊತ್ತು ಸುಮ್ಮನಿದ್ರಿ?” ನಲವತ್ತಮೂರು ಜನ ಉತ್ತರ ಕೊಟ್ಟಿದ್ದರು. ಒಬ್ಬರು ಎರಡು ಗಂಟೆ, ಒಬ್ಬರು ಮೂರು ದಿನ, ಒಬ್ಬ ಮಹಾರಾಯರು ವರ್ಗವಾಗಿ ಬೇರೆ ಊರಿಗೆ ಹೋಗುವವರೆಗೆ. ಒತ್ತಿದ್ದರಿಂದ ದೇಶಕ್ಕಾದ ಕೇಡು ಸ್ವಲ್ಪ, ಒತ್ತಿದ್ದನ್ನು ಬಚ್ಚಿಟ್ಟಿದ್ದರಿಂದ ಆದದ್ದೇ ಬಹಳ. ಐನೂರು ಪುಟದ ಮಹಾಪ್ರಬಂಧದ ಸಾರ ಇಷ್ಟೇ. ಪ್ರಶ್ನೆ ಎಷ್ಟು ಪ್ರಸಿದ್ಧವಾಯಿತೆಂದರೆ ಸರ್ಕಾರದ ತುರ್ತು ಸೈಬರ್ ಘಟಕದವರು ತಮ್ಮ ನಮೂನೆಯಲ್ಲಿ ಅದನ್ನೇ ಏಳನೆಯ ಪ್ರಶ್ನೆಯಾಗಿ ಸೇರಿಸಿಕೊಂಡರು. ಮೇಡಂಗೆ ಒಂದು ಧನ್ಯವಾದವನ್ನೂ ಹೇಳಲಿಲ್ಲ.

ಆ ನಲವತ್ತಮೂರರಲ್ಲಿ ಮೇಡಂ ತಲೆಯಿಂದ ಇಳಿಯದೆ ಕೂತವರು ನೀರು ಸರಬರಾಜು ಕಚೇರಿಯ ಒಬ್ಬ ಗುಮಾಸ್ತರು. ಒತ್ತಿದ ಮೇಲೆ ಆರು ದಿನ ಸುಮ್ಮನಿದ್ದರು. ಏಳನೆಯ ದಿನ ಪಂಪುಗಳು ತಾವೇ ನಿಂತು, ಒಂದಿಡೀ ಪಟ್ಟಣ ಎರಡು ದಿನ ಕೊಡ ಹಿಡಿದು ಬೀದಿಗೆ ಬಂತು.

“ಆ ಆರು ದಿನ ಏನ್ ಮಾಡ್ತಿದ್ರಿ?”

“ಪೆನ್ಸಿಲ್ ಚೂಪು ಮಾಡಿದೆನಮ್ಮ.”

“ಇರಿ, ಬರ್ಕೊಳ್ತೀನಿ. ಪೆನ್ಸಿಲ್ಲಾ? ನಿಮ್ಮ ಕಚೇರಿಯಲ್ಲಿ ಪೆನ್ಸಿಲಲ್ಲಿ ಬರೆಯೋರು ಯಾರಿದ್ದಾರೆ?”

“ಯಾರೂ ಇಲ್ಲ. ಬೀರುವಲ್ಲಿ ಹಳೇ ಡಬ್ಬಿಗಳಿದ್ವು. ಎಲ್ಲಾ ಚೂಪು ಮಾಡಿದೆ.”

“ಯಾಕೆ?”

“ಗೊತ್ತಿಲ್ಲಮ್ಮ. ಕೈಗೆ ಏನಾದ್ರೂ ಬೇಕಿತ್ತು.”

ಮೇಡಂ ಅಂದು ಉರಿದುಕೊಂಡೇ ಮನೆಗೆ ಬಂದಿದ್ದರು. ಊರಿಗೆ ಊರೇ ಬಾಯಾರಿ ಕೂರಲಿದೆ, ಈ ಮನುಷ್ಯ ಪೆನ್ಸಿಲ್ ಕೆತ್ತಿದನಂತೆ. ಅದೇ ಸಿಟ್ಟಿನಲ್ಲಿ ನಾಲ್ಕನೆಯ ಅಧ್ಯಾಯದಲ್ಲಿ ಬರೆದರು: ‘ಇದನ್ನು ಭಯವೆನ್ನಲಾಗದು, ಶುದ್ಧ ಬೇಜವಾಬ್ದಾರಿ.’ ಕೆಳಗಿನ ಮಹಡಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಕರಡು ಓದಿ, “ಸ್ವಲ್ಪ ಕಟುವಾಯ್ತೇನೋ,” ಎಂದರು.

“ನೀವು ಕನ್ನಡಕ ಮಾರಿ. ಸಂಶೋಧನೆ ನನಗೆ ಬಿಡಿ.”

ಗಂಡ ಕನ್ನಡಕ ಮಾರಲು ಹೋದರು. ವಾಕ್ಯ ಹಾಗೆಯೇ ಉಳಿಯಿತು.

ಆ ಗುಮಾಸ್ತರು ಹೊರಡುವಾಗ ಒಂದು ಮಾತು ತೆಗೆದುಕೊಂಡಿದ್ದರು. ಇಲಾಖೆಯ ವಿಚಾರಣೆಯಲ್ಲಿ ಒತ್ತಿದ್ದು ಯಾರೆಂದು ಪತ್ತೆಯಾಗಿರಲಿಲ್ಲ, ನಿವೃತ್ತಿಗೆ ಒಂದೂವರೆ ವರ್ಷವಿತ್ತು. “ನನ್ನ ಹೆಸರು ಹೊರಗೆ ಹೋಗಬಾರದಮ್ಮ.” ನಲವತ್ತಮೂರು ಜನರದ್ದೂ ಅದೇ ಮಾತು. ಪ್ರಬಂಧದಲ್ಲಿ ಅವರೆಲ್ಲ ಬರೀ ಅಂಕಿಗಳು. ನಿಜವಾದ ಹೆಸರುಗಳ ಪಟ್ಟಿಯನ್ನು ಮೇಡಂ ಒಂದು ಪೆನ್‌ಡ್ರೈವಿಗೆ ಹಾಕಿ, ಮನೆಯ ಬೀರುವಿನಲ್ಲಿ ಸೀರೆಗಳ ಕೆಳಗೆ ಬೀಗ ಹಾಕಿ ಇಟ್ಟಿದ್ದರು.

ಇನ್ನು ಸಮಿತಿಯ ವಿಚಾರ. ದೇಶದ ಭದ್ರತೆಗೆ ಸಂಬಂಧಿಸಿದ ಪ್ರಬಂಧವೆಂದರೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ಮುನ್ನ ಭದ್ರತಾ ಪರಿಶೀಲನಾ ಸಮಿತಿಯ ಅನುಮತಿ ಬೇಕು. ಮೇಡಂ ಪ್ರಬಂಧ ಆ ಸಮಿತಿಯ ಹೊಟ್ಟೆಗೆ ಹೋಗಿ ಹನ್ನೊಂದು ತಿಂಗಳಾಗಿತ್ತು. ಮೊದಲ ಆಕ್ಷೇಪ, ಇನ್ನೂರಹನ್ನೆರಡನೆಯ ಪುಟದ ವಿದ್ಯುತ್ ಕೇಂದ್ರದ ಚಿತ್ರ ಗೋಪ್ಯ, ತೆಗೆಯಿರಿ ಎಂದು. ಅದು ಸರ್ಕಾರವೇ ಅಚ್ಚುಹಾಕಿ ಹಂಚಿದ ಕ್ಯಾಲೆಂಡರಿನ ಚಿತ್ರ. ಆಕ್ಷೇಪ ಬರೆದ ಅಧಿಕಾರಿಯ ತಲೆಯ ಮೇಲೆಯೇ ಗೋಡೆಯಲ್ಲಿ ತೂಗುತ್ತಿತ್ತು. ಎರಡನೆಯದು, ಹಾಳೆಯ ಒಂದೇ ಮಗ್ಗುಲಲ್ಲಿ ಮುದ್ರಿಸಿ ಮೂರು ಪ್ರತಿ ತನ್ನಿ ಎಂದು. ಮೂರನೆಯದು, ಸಂದರ್ಶನ ಕೊಟ್ಟವರು ನಿಜವಾಗಿ ಇದ್ದಾರೆಂದು ನಂಬುವುದು ಹೇಗೆ, ಹೆಸರುಗಳನ್ನು ಅಂಚೆಯಲ್ಲಲ್ಲ, ಇ-ಮೇಲಿನಲ್ಲೇ ಕಳಿಸಿ ಎಂದು.

ಮೇಡಂ ಫೋನಿನಲ್ಲಿ ಕೂಗಾಡಿದರು. ಹೆಸರು ಕೊಡುವುದಿಲ್ಲವೆಂದು ಹಟ ಹಿಡಿದು ಗೆದ್ದೂ ಗೆದ್ದರು. ಆದರೆ ಆ ಹೋರಾಟದ ನಡುವೆ, ಹೆಸರು ಮುಚ್ಚಿ ಬರೀ ಕಚೇರಿಗಳ ಪಟ್ಟಿಯನ್ನಾದರೂ ತಯಾರಿಸೋಣವೆಂದು ಪೆನ್‌ಡ್ರೈವಿನ ಕಡತವನ್ನು ವಿಭಾಗದ ಕಂಪ್ಯೂಟರಿಗೆ ಹಾಕಿಕೊಂಡವರು ಮತ್ತೆ ಅಳಿಸಲಿಲ್ಲ. ಅಳಿಸಬೇಕೆಂದು ಪ್ರತಿ ವಾರ ಅಂದುಕೊಂಡರು. ನಾಲ್ಕು ತಿಂಗಳಿಂದ ಅದು ಅಲ್ಲೇ ಇತ್ತು.

ಫೋನ್ ಮಾಡಿದಾಗಲೆಲ್ಲ ಸಮಿತಿಯ ಕಾರ್ಯದರ್ಶಿಯದು ತಣ್ಣನೆಯ ದನಿ. “ನಿಮ್ಮ ಪ್ರಬಂಧ ಬೀರುವಲ್ಲಿ ಭದ್ರವಾಗಿದೆ ಮೇಡಂ.”

“ಭದ್ರವಾಗಿರೋದು ಗೊತ್ತು. ಓದಿದ್ರಾ?”

“ಬೀಗದ ಕೈ ಇರೋರು ರಜೆ ಮೇಲಿದ್ದಾರೆ.”

ನೋಂದಣಿಯ ಅವಧಿ ಎಂಟೇ ವರ್ಷ. ಈ ತಿಂಗಳ ಕೊನೆಗೆ ಅದು ಮುಗಿಯುತ್ತಿತ್ತು. ಅಷ್ಟರಲ್ಲಿ ಅನುಮತಿ ಬಾರದಿದ್ದರೆ ನೋಂದಣಿ ರದ್ದು, ಎಲ್ಲವೂ ಮತ್ತೆ ಮೊದಲಿನಿಂದ. ಮಧ್ಯಾಹ್ನ ಊಟಕ್ಕೆ ಹೋದರೆ ಗಂಡ ಮಸೂರ ಉಜ್ಜುತ್ತಲೇ, “ಇವತ್ತೂ ಬರಲಿಲ್ವಾ?” ಎಂದು ಕೇಳುತ್ತಿದ್ದರು. ಕಾಳಜಿಯಿಂದಲೇ ಕೇಳುತ್ತಿದ್ದರು ಪಾಪ. ಆ ಕಾಳಜಿಗೆ ಮೇಡಂ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ತಿಂಗಳು ಮುಗಿಯಲು ಎಂಟು ದಿನವಿರುವಾಗ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಇ-ಮೇಲ್ ಬಂತು. ಪರೀಕ್ಷೆಯ ಕೆಲಸಕ್ಕೆಂದು ವಿಭಾಗದವರೆಲ್ಲ ಹೋಗಿ ಕೋಣೆ ಖಾಲಿಯಿತ್ತು. ‘ಭದ್ರತಾ ಪರಿಶೀಲನಾ ಸಮಿತಿ: ನಿಮ್ಮ ಮಹಾಪ್ರಬಂಧಕ್ಕೆ ಅನುಮತಿ ನೀಡಲಾಗಿದೆ. ಪತ್ರ ಲಗತ್ತಿಸಿದೆ.’

ಮೇಡಂ ಒತ್ತಿದರು.

ಬಿಳಿಯ ಪುಟವೊಂದು ತೆರೆದುಕೊಂಡಿತು. ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಕಳಿಸಿದವರ ವಿಳಾಸ ನೋಡಿದರು. ಸಮಿತಿಯದಲ್ಲ, ಸಮಿತಿಯದರಂತೆ ಕಾಣುವ ಇನ್ಯಾವುದೋ ವಿಳಾಸ. ‘ಮೊದಲು ವಿಳಾಸ ನೋಡಿ, ಆಮೇಲೆ ಒತ್ತಿ’ ಎಂದು ಎಂಟು ವರ್ಷದಿಂದ ಕಂಡಕಂಡ ಸಭೆಗಳಲ್ಲಿ ಗಂಟಲು ಹರಿದುಕೊಂಡವರು ಅವರೇ.

ಮಾಡಬೇಕಾದದ್ದು ಬಾಯಿಪಾಠವಾಗಿತ್ತು. ತಂತಿ ಕೀಳಬೇಕು, ತುರ್ತು ಘಟಕಕ್ಕೆ ಫೋನ್ ಮಾಡಬೇಕು. ಮೇಡಂ ಕನ್ನಡಕ ತೆಗೆದು, ಗಂಡನ ಅಂಗಡಿಯ ಮೆತ್ತನೆಯ ಬಟ್ಟೆಯಿಂದ ಒರೆಸತೊಡಗಿದರು. ಏನೂ ಆಗಿರಲಿಕ್ಕಿಲ್ಲ ಎಂದುಕೊಂಡರು. ಯಾರೂ ನೋಡಲಿಲ್ಲ. ಈಗ ಬಾಯಿಬಿಟ್ಟರೆ ಸಮಿತಿಯವರು, ಒತ್ತಿದವಳಿಗೆ ಅನುಮತಿ ಕೊಟ್ಟಾರೆಯೇ? ಎಂಟು ದಿನ ಕಳೆಯಲಿ, ಆಮೇಲೆ ಹೇಳಿದರಾಯಿತು. ಕನ್ನಡಕ ಲಕಲಕ ಹೊಳೆಯುತ್ತಿತ್ತು. ಡ್ರಾಯರಿನಿಂದ ಓದುವ ಕನ್ನಡಕ ತೆಗೆದು ಅದನ್ನೂ ಒರೆಸಿದರು. ಅದರ ಕೆಳಗೆ, ಎಂದೋ ಬಿದ್ದು ಒಡೆದ ಹಳೆಯದೊಂದಿತ್ತು. ಅದನ್ನೂ ಕೈಗೆತ್ತಿಕೊಂಡರು. ಎಡಗಡೆ ಮುಗಿಸಿ ಬಲಗಡೆ ಒರೆಸುವಾಗ ಬೆರಳಿಗೆ ಬೆರಳು ತಗುಲಿತು. ಆ ಕಡೆ ಗಾಜೇ ಇರಲಿಲ್ಲ.

ಮೇಡಂ ಆ ಚೌಕಟ್ಟನ್ನೇ ನೋಡುತ್ತ ಕೂತರು. ಏನೂ ಆಗಿರಲಿಕ್ಕಿಲ್ಲ, ಯಾರೂ ನೋಡಲಿಲ್ಲ, ಆಮೇಲೆ ಹೇಳಿದರಾಯಿತು. ಈ ಮೂರು ಮಾತುಗಳನ್ನು ನಲವತ್ತಮೂರು ಬಾಯಿಗಳಿಂದ ಕೇಳಿ, ನಾಲ್ಕನೆಯ ಅಧ್ಯಾಯದಲ್ಲಿ ಕೋಷ್ಟಕ ಮಾಡಿ ಹಾಕಿದ್ದರು. ಆ ನಲವತ್ತಮೂರು ಹೆಸರುಗಳೂ ಈಗ ಎದುರಿಗಿರುವ ಯಂತ್ರದ ಹೊಟ್ಟೆಯಲ್ಲಿದ್ದವು. ತಮ್ಮ ಮೇಲೆಯೇ ಅವರಿಗೆ ಎಂದೂ ಬಾರದಷ್ಟು ಸಿಟ್ಟು ಬಂತು. ಎದ್ದು ತಂತಿ ಕಿತ್ತ ರಭಸಕ್ಕೆ ಗೋಡೆಯ ಸಾಕೆಟ್ಟೂ ಕಿತ್ತುಬಂತು.

ತುರ್ತು ಘಟಕದಲ್ಲಿ ಫೋನೆತ್ತಿದವಳು ಚಿಕ್ಕ ವಯಸ್ಸಿನವಳಿರಬೇಕು, ನಮೂನೆಯನ್ನು ಒಂದೇ ರಾಗದಲ್ಲಿ ಓದಿದಳು. ಏಳನೆಯ ಪ್ರಶ್ನೆ ಬಂತು.

“ಒತ್ತಿದ ಮೇಲೆ ಎಷ್ಟು ಹೊತ್ತು ಸುಮ್ಮನಿದ್ರಿ?”

ಮೇಡಂ ಗೋಡೆ ಗಡಿಯಾರ ನೋಡಿದರು. “ಹತ್ತೊಂಬತ್ತು ನಿಮಿಷ.”

“ಇದೇ ಇ-ಮೇಲ್ ಭದ್ರತಾ ವಿಷಯದ ಆರು ಜನ ಸಂಶೋಧಕರಿಗೆ ಬಂದಿದೆ ಮೇಡಂ. ಒತ್ತಿದೀನಿ ಅಂತ ಫೋನ್ ಮಾಡಿದ್ದು ನೀವೊಬ್ರೇ.”

ಮೇಡಂಗೆ ಅದರಿಂದ ಯಾವ ಸಮಾಧಾನವೂ ಆಗಲಿಲ್ಲ.

ಹನ್ನೊಂದು ತಿಂಗಳು ಗೊರಕೆ ಹೊಡೆದ ಸಮಿತಿಗೆ ಅಂದು ಎರಡೇ ಗಂಟೆಯಲ್ಲಿ ಎಚ್ಚರವಾಯಿತು. ಬೀಗದ ಕೈಯವರೂ ರಜೆಯಿಂದ ಪ್ರತ್ಯಕ್ಷರಾದರು. ತನಿಖೆ ಮುಗಿಯುವವರೆಗೆ ಪ್ರಬಂಧದ ಪರಿಶೀಲನೆ ನಿಲ್ಲಿಸಲಾಗಿದೆ ಎಂಬ ಪತ್ರ, ಸಹಿ, ಮೊಹರು ಎಲ್ಲ ಸಮೇತ ಮಧ್ಯಾಹ್ನದೊಳಗೆ ಮೇಜಿನ ಮೇಲಿತ್ತು. ಎಂಟು ದಿನದಲ್ಲಿ ಮುಗಿಯುವ ತನಿಖೆಯನ್ನು ಮೇಡಂ ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಪ್ರೊಫೆಸರು ಬಾಗಿಲಲ್ಲಿ ನಿಂತು, “ಎಂಟು ದಿನ ಬಾಯಿ ಮುಚ್ಚಿಕೊಂಡು ಇರಬಾರದಿತ್ತೇನ್ರೀ?” ಎಂದು ತಲೆ ಚಚ್ಚಿಕೊಂಡರು. ಹೆಸರುಗಳು ಹೊರಗೆ ಹೋಗಿವೆಯೋ ಇಲ್ಲವೋ ಎಂದು ಘಟಕದವರು ಖಚಿತವಾಗಿ ಹೇಳಲಾರದಾದರು. ಹೋಗಿವೆ ಎಂದೇ ತಿಳಿದುಕೊಳ್ಳಿ ಎಂದರು.

ಮನೆಗೆ ಹೋದರೆ ಗಂಡ ಎಂದಿನಂತೆ ತಲೆಯೆತ್ತಿ, “ಇವತ್ತೂ...” ಎಂದವರು ಮುಖ ನೋಡಿ ನಿಲ್ಲಿಸಿದರು. ಎಲ್ಲ ಕೇಳಿಸಿಕೊಂಡು, “ಈಗ ಏನ್ ಮಾಡ್ತೀಯ?” ಎಂದರು.

“ನಲವತ್ತಮೂರು ಜನಕ್ಕೂ ಫೋನ್ ಮಾಡ್ಬೇಕು ರೀ. ನಿಮ್ಮ ಹೆಸರು ನನ್ನಿಂದ ಹೋಯ್ತು ಅಂತ.”

ಗಂಡ ಅಂಗಡಿಯ ಫೋನನ್ನು ಅವರ ಕಡೆ ಸರಿಸಿ, ಕೂರಲು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ಎರಡು ದಿನ ಹಿಡಿಯಿತು. ಕೆಲವರು ಬೈದರು, ಒಬ್ಬಾಕೆ ಅತ್ತರು, ಬಂದರಿನ ಗುಮಾಸ್ತರು ಮಾತೇ ಆಡದೆ ಫೋನಿಟ್ಟರು. ಮೇಡಂ ಯಾರ ಹತ್ತಿರವೂ ಸಮಿತಿಯ ಹೆಸರೆತ್ತಲಿಲ್ಲ, ನೆಪ ಹೇಳಲಿಲ್ಲ. ಪೆನ್ಸಿಲಿನ ಗುಮಾಸ್ತರನ್ನು ಬೇಕೆಂದೇ ಕೊನೆಗಿಟ್ಟುಕೊಂಡಿದ್ದರು. ಅವರ ನಿವೃತ್ತಿಗೆ ಇನ್ನೂ ಮೂರು ತಿಂಗಳಿತ್ತು.

ಮೇಡಂ ಹೇಳಿ ಮುಗಿಸಿದಾಗ ಆ ಕಡೆಯಿಂದ ಬಂದ ದನಿ ಸಿಟ್ಟಿನದಾಗಿರಲಿಲ್ಲ.

“ನೀವೇ ಒತ್ತಿದ್ರಾ?”

“ನಾನೇ.”

“ಒತ್ತಿದ ಮೇಲೆ ಎಷ್ಟು ಹೊತ್ತು ಸುಮ್ಮನಿದ್ರಮ್ಮ?”

“ಹತ್ತೊಂಬತ್ತು ನಿಮಿಷ.”

“ಆ ಹೊತ್ತಲ್ಲಿ ಏನ್ ಮಾಡ್ತಿದ್ರಿ?”

“ಕನ್ನಡಕ ಒರೆಸ್ತಿದ್ದೆ. ಮೂರು ಕನ್ನಡಕ. ಒಂದರಲ್ಲಿ ಗಾಜೂ ಇರಲಿಲ್ಲ.”

ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಕೊಡಲು ಮೇಡಂ ಬಳಿ ಒಂದೇ ಉತ್ತರವಿತ್ತು, ಅದೂ ಅಂದು ಅವರು ಕೊಟ್ಟದ್ದೇ. ನಾಲ್ಕನೆಯ ಅಧ್ಯಾಯದ ಆ ವಾಕ್ಯ ಮೇಡಂಗೆ ನೆನಪಾಯಿತು.

“ನನ್ನ ಕಥೆ ನಾನೇ ನಾಳೆ ಸಾಹೇಬರಿಗೆ ಹೇಳ್ತೀನಿ ಬಿಡಿ,” ಎಂದರು ಗುಮಾಸ್ತರು. “ಬೇರೆಯವರ ಬಾಯಿಂದ ಹೋಗೋದಕ್ಕಿಂತ ವಾಸಿ. ನೀವು ನಿಮ್ಮದನ್ನ ಬರ್ಕೊಂಡ್ರಾ?”

“ಇಲ್ಲ.”

“ಇರ್ತೀನಿ, ಬರ್ಕೊಳ್ಳಿ.”

ಮೇಡಂ ಚೀಲದಿಂದ ಹಳೆಯ ಟಿಪ್ಪಣಿ ಪುಸ್ತಕ ತೆಗೆದು, ನಲವತ್ತಮೂರನೆಯ ಸಾಲಿನ ಕೆಳಗೆ ನಲವತ್ತನಾಲ್ಕು ಎಂದು ಬರೆದರು. ಪಕ್ಕದಲ್ಲಿ, ಉಳಿದವರ ಹೆಸರು ಬರೆಯದಿದ್ದ ಕಡೆ, ತಮ್ಮ ಪೂರ್ತಿ ಹೆಸರನ್ನು ಬರೆದರು. ಗುಮಾಸ್ತರು ಫೋನ್ ಹಿಡಿದುಕೊಂಡೇ ಕಾಯುತ್ತಿದ್ದರು.